ಕ್ಯಾಬರೆ ಮೆಷಿನ್ ಮುನಿಯಣ್ಣನ ಹೆಂಡತಿ

ಕಾಮಾಕ್ಷಿಪಾಳ್ಯದ ಆ ಅಡ್ಡರಸ್ತೆಗೆ ಬಂದು ಶಶಿಕಲಾ ಮನೆ ಎಲ್ಲಿ ಎಂದು ಕೇಳಿ ನೋಡಿ, ಯಾವ ಶಶಿಕಲಾ ಎನ್ನುತ್ತಾರೆ. ಕ್ಯಾಬರೆ ಮೆಷಿನ್ ಮುನಿಯಣ್ಣನ ಮನೆ ಎನ್ನಿ, ಇಸ್ತ್ರಿ ಗಾಡಿಯವನು ಕೆಲಸ ಬಿಟ್ಟು ಬಂದು ಬಾಗಿಲವರೆಗೂ ಮುಟ್ಟಿಸುತ್ತಾನೆ. ಆ ಮನೆಯ ಕಂದಾಯ ರಸೀದಿಯಲ್ಲಿರುವುದು ಶಶಿಕಲಾಳ ಹೆಸರೇ. ಆದರೆ ಕಂದಾಯ ರಸೀದಿಯನ್ನು ಓದುವವರು ಯಾರು?

ಅವಳಿಗೆ ಈಗ ಅರವತ್ತಾರು. ಎರಡೂ ಮಂಡಿ ಸವೆದಿವೆ. ಬೆಳಿಗ್ಗೆ ಹಾಸಿಗೆಯ ಅಂಚಿನಲ್ಲಿ ಐದು ನಿಮಿಷ ಕೂತು, ಕಾಲುಗಳನ್ನು ಓಲೈಸಿದ ಮೇಲೆಯೇ ಏಳಲು ಆಗುವುದು. ಸುಸ್ತು ಎಂಬ ಮಾತನ್ನು ಅವಳು ಬಾಯಿಬಿಟ್ಟು ಆಡುವುದಿಲ್ಲ. ಆಡಿದರೆ ಕೇಳಿದವರು ತಮ್ಮ ತಮ್ಮ ಸುಸ್ತಿನ ಕಥೆ ಬಿಚ್ಚುತ್ತಾರೆ, ಅದನ್ನು ಕೇಳುವುದು ಇನ್ನೊಂದು ಸುಸ್ತು.

ಇನ್ನು ಆ ಮೆಷಿನ್. ಮುಂದಿನ ಕೋಣೆಯಲ್ಲಿ ಗೋಡೆಗೊತ್ತಿ ನಿಂತಿದ್ದ ಒಂದು ಪಿನ್‌ಬಾಲ್ ಯಂತ್ರ ಅದು. ಅಮೆರಿಕದಲ್ಲಿ ತಯಾರಾದದ್ದು, ವಯಸ್ಸು ಐವತ್ತು ದಾಟಿದೆ. ಒಂದಾಳು ಮಲಗುವ ಮಂಚದಷ್ಟು ಉದ್ದ, ನಾಲ್ಕು ಕಾಲು, ಮೇಲೆ ಗಾಜು. ನಾಲ್ಕಾಣೆಯ ನಾಣ್ಯ ಹಾಕಿದರೆ ಐದು ಉಕ್ಕಿನ ಚೆಂಡು ಸಿಗುತ್ತವೆ. ಸ್ಪ್ರಿಂಗಿನ ಹಿಡಿಯನ್ನು ಎಳೆದು ಬಿಟ್ಟರೆ ಚೆಂಡು ಮೇಲಕ್ಕೆ ಹಾರಿ, ಅಲ್ಲಿ ಇಲ್ಲಿ ಬಡಿದುಕೊಂಡು, ಗಂಟೆ ಬಾರಿಸಿಕೊಂಡು ಕೆಳಗೆ ಉರುಳುತ್ತದೆ. ಅದು ತಳದ ತೂತಿಗೆ ಬೀಳದಂತೆ ಎರಡು ಪಕ್ಕದ ಬಟನ್ ಒತ್ತಿ, ಪುಟ್ಟ ರೆಕ್ಕೆಗಳಿಂದ ಹೊಡೆದು ಮತ್ತೆ ಮೇಲೆ ಕಳಿಸಬೇಕು. ಎದುರಿಗೆ ನೆಟ್ಟಗೆ ನಿಂತ ಗಾಜಿನ ಮೇಲೆ ಒಂದು ರಾತ್ರಿಯ ಪಟ್ಟಣದ ಚಿತ್ರ. ಎತ್ತರದ ಕಟ್ಟಡಗಳು, ಬಾರಿನ ಬಾಗಿಲು, ಟೋಪಿ ಹಾಕಿದ ಗಂಡಸು, ವಾದ್ಯ ಊದುವವನೊಬ್ಬ, ನಡುವೆ ಕಾಲೆತ್ತಿ ಕುಣಿಯುವ ಕೆಂಪು ಲಂಗದ ಹೆಂಗಸು. ಪಾಯಿಂಟು ಏರಿದಂತೆ ಕಟ್ಟಡಗಳ ಕಿಟಕಿಗಳು ಒಂದೊಂದಾಗಿ ಹೊತ್ತಿಕೊಳ್ಳುತ್ತವೆ, ಕಡೆಯದೂ ಹೊತ್ತಿದಾಗ ಕೆಂಪು ಲಂಗ ಬೆಳಗುತ್ತದೆ. ಇಂಗ್ಲಿಷಿನಲ್ಲಿ ಅದಕ್ಕೆ ಏನೋ ಹೆಸರಿದೆ. ಕ್ಯಾಬರೆ ಮೆಷಿನ್ ಎಂಬುದು ರಾಜಾಜಿನಗರದ ಹುಡುಗರು ಇಟ್ಟ ಹೆಸರು.

ಒಳಗೆ ಕಂಪ್ಯೂಟರ್ ಇಲ್ಲ, ಒಂದೇ ಒಂದು ಚಿಪ್ ಇಲ್ಲ. ಇರುವುದೆಲ್ಲ ತಂತಿ, ಕಾಯಿಲ್, ರಿಲೇ. ರಿಲೇ ಎಂದರೆ ಸರಳವಾಗಿ ಹೇಳುವುದಾದರೆ ತೆಳು ಲೋಹದ ಪಟ್ಟಿಗಳ ಜೋಡಿ. ಕರೆಂಟು ಬಂದಾಗ ಕೂಡುತ್ತವೆ, ಹೋದಾಗ ಬಿಡುತ್ತವೆ. ಎರಡರ ನಡುವಿನ ಸಂದು ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಮೆಷಿನ್ ಮುನಿಸಿಕೊಳ್ಳುತ್ತದೆ. ಅಂಥ ನೂರಾರು ಜೋಡಿಗಳು ಅದರ ಹೊಟ್ಟೆಯಲ್ಲಿವೆ. ಅವುಗಳ ಮುನಿಸು ತಿಳಿಯುವ ಕೈ ಈ ಪಶ್ಚಿಮ ಬೆಂಗಳೂರಿಗೆಲ್ಲ ಒಂದೇ ಇತ್ತು. ಅದು ಮುನಿಯಣ್ಣನ ಕೈ ಎಂದು ಊರೆಲ್ಲ ನಂಬಿತ್ತು. ಅಸಲಿಗೆ ಅದು ಅವನ ಹೆಂಡತಿಯ ಕೈ.

ಶಶಿಕಲಾ ಹತ್ತೊಂಬತ್ತನೆಯ ವಯಸ್ಸಿಗೆ ಊರಿನ ಆ ತುದಿಯ ಟೆಲಿಫೋನ್ ಕಾರ್ಖಾನೆಗೆ ಸೇರಿದವಳು. ಬೆಳಿಗ್ಗೆ ಐದೂಮುಕ್ಕಾಲಿಗೆ ಮಾಗಡಿ ರಸ್ತೆಯಲ್ಲಿ ಕಾರ್ಖಾನೆಯ ಬಸ್ಸು ಹಿಡಿಯಬೇಕು. ದಿನವಿಡೀ ಸಾಲಾಗಿ ಕೂತ ಹೆಣ್ಣುಮಕ್ಕಳ ನಡುವೆ ಅವಳ ಕೆಲಸ ಒಂದೇ: ಟೆಲಿಫೋನ್ ಎಕ್ಸ್‌ಚೇಂಜಿಗೆ ಹೋಗುವ ರಿಲೇಗಳ ಪಟ್ಟಿಗಳನ್ನು ಪುಟ್ಟ ಇಕ್ಕಳದಿಂದ ಬಾಗಿಸಿ, ಸಂದು ಅಳೆದು, ಸರಿಮಾಡಿ ಮುಂದಕ್ಕೆ ತಳ್ಳುವುದು. ಎರಡು ವರ್ಷದಲ್ಲಿ ಅಳತೆಪಟ್ಟಿ ಬೇಡವಾಯಿತು. ಬೆರಳೇ ಅಳೆಯುತ್ತಿತ್ತು.

ಮುನಿಯಣ್ಣನನ್ನು ಮದುವೆಯಾದದ್ದು ಎಂಬತ್ತೊಂದರಲ್ಲಿ. ನೋಡಲು ಚಂದ, ಮಾತು ಬಲು ಚಂದ. ಮರುವರ್ಷ ಕಂಟೋನ್ಮೆಂಟಿನ ಒಂದು ಕ್ಲಬ್ಬು ಹಳೆ ಸಾಮಾನು ಹರಾಜು ಹಾಕಿದಾಗ ಈ ಮೆಷಿನ್ನನ್ನು ತಂದು, ರಾಜಾಜಿನಗರದಲ್ಲಿ ಒಂದು ಟಾಕೀಸಿನ ಹಿಂದೆ ಆಟದ ಅಂಗಡಿ ಇಟ್ಟ. ಆಡುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ, ಅದನ್ನು ಒಪ್ಪಬೇಕು. ಒಂದು ನಾಣ್ಯಕ್ಕೆ ಅರ್ಧ ಗಂಟೆ ಆಡುತ್ತಿದ್ದ. ಆದರೆ ಕೆಟ್ಟು ನಿಂತಾಗ ಸ್ಕ್ರೂಡ್ರೈವರಿನ ಯಾವ ತುದಿ ಹಿಡಿಯಬೇಕೋ ಗೊತ್ತಿಲ್ಲ. ಮೊದಲ ತಿಂಗಳಲ್ಲೇ ಕೆಟ್ಟಿತು. ಕೆಟ್ಟ ಭಾಗವನ್ನು ಹಲಗೆಯ ಸಮೇತ ಬಿಚ್ಚಿಸಿಕೊಂಡು, ದುಪ್ಪಟಿಯಲ್ಲಿ ಸುತ್ತಿ, ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಮನೆಗೆ ತಂದು ಹೆಂಡತಿಯ ಮುಂದಿಟ್ಟು, "ಶಶಿ, ಇದೇನೋ ನಿಮ್ ಫ್ಯಾಕ್ಟ್ರಿ ಸಾಮಾನಿನ್ ಥರಾನೇ ಇದೆ ಕಣೇ" ಎಂದ.

ಅದೇ ಪದ್ಧತಿಯಾಯಿತು. ಹೆಂಗಸರು ಕಾಲಿಡುವ ಅಂಗಡಿ ಅದಲ್ಲ. ಹೆಂಡತಿಯ ಕೈಯಲ್ಲಿ ಮೆಷಿನ್ ರಿಪೇರಿ ಮಾಡಿಸುತ್ತಾನೆ ಎಂದರೆ ನಾಲ್ಕು ಜನ ನಗುವ ಕಾಲ. ಹಾಗಾಗಿ ಮೆಷಿನ್ನೇ ತುಂಡು ತುಂಡಾಗಿ ದುಪ್ಪಟಿಯಲ್ಲಿ ಮನೆಗೆ ಬರುತ್ತಿತ್ತು. ಅವಳು ಭಾನುವಾರ ಮಧ್ಯಾಹ್ನ ಅಡುಗೆಮನೆಯ ನೆಲದ ಮೇಲೆ ಕೂತು ಸರಿಮಾಡುವಳು. ಸೋಮವಾರ ಬೆಳಿಗ್ಗೆ ಮುನಿಯಣ್ಣ ಅಂಗಡಿಯ ಬಾಗಿಲು ಹಾಕಿಕೊಂಡು ಅದನ್ನು ಇದ್ದ ಜಾಗಕ್ಕೆ ಸಿಕ್ಕಿಸಿ, ಹೊರಗೆ ಬಂದು, ಏನೂ ಮಾಡಿರದ ಕೈಯನ್ನು ಹಳೆ ಬಟ್ಟೆಯಲ್ಲಿ ಒರೆಸಿಕೊಳ್ಳುವನು. ಬೇರೆ ಅಂಗಡಿಯವರೂ ತಮ್ಮ ಮೆಷಿನ್ನುಗಳ ಭಾಗಗಳನ್ನು ಅವನಿಗೆ ಕೊಡತೊಡಗಿದರು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಈ ಮನೆಯಲ್ಲಿ ಕೆಸರಾದದ್ದು ಅವಳ ಕೈ, ಮೊಸರು ಅವನ ಬಾಯಿಗೆ.

ಹನ್ನೊಂದು ವರ್ಷ ಅವಳು ಆ ಮೆಷಿನ್ನನ್ನು ಇಡಿಯಾಗಿ ನೋಡಿರಲೇ ಇಲ್ಲ. ತೊಂಬತ್ತಮೂರರಲ್ಲಿ ವಿಡಿಯೋ ಗೇಮ್ ಬಂದು ಅಂಗಡಿ ಮುಚ್ಚಿದಾಗ ಎತ್ತಿನ ಗಾಡಿಯ ಮೇಲೆ ಅದು ಮನೆಗೆ ಬಂತು. ತಾನು ಇಷ್ಟು ಕಾಲ ಕೂತು ಬೆಳಕು ಹೊತ್ತಿಸಿದ್ದು ಈ ಕುಣಿಯುವವಳಿಗಾ ಎಂದು ಅವಳಿಗೆ ನಗು ಬಂತು. ಅತ್ತೆಗೆ ನಗು ಬರಲಿಲ್ಲ. ದೇವರ ಗೂಡಿನ ಎದುರು ಕ್ಯಾಬರೆಯೇ ಎಂದು ಆ ಮುದುಕಿ ಸಾಯುವವರೆಗೂ ಗಾಜಿನ ಮೇಲೆ ಹಳೆ ಸೀರೆ ಹೊದಿಸಿಟ್ಟಳು.

ಆಮೇಲೆ ಟೆಲಿಫೋನಿಗೂ ಚಿಪ್ಪು ಬಂತು, ರಿಲೇ ಸಾಲಿನ ಹೆಣ್ಣುಮಕ್ಕಳು ಸ್ವಯಂನಿವೃತ್ತಿ ಬರೆದುಕೊಟ್ಟು ಮನೆಗೆ ಬಂದರು. ಶಶಿಕಲಾ ಮನೆಯಲ್ಲಿ ಕೂರುವಂತಿರಲಿಲ್ಲ. ಇಲ್ಲೇ ಮೂರು ರಸ್ತೆ ಆಚೆಯ ಗಾರ್ಮೆಂಟ್ಸಿನಲ್ಲಿ ಚೆಕಿಂಗ್ ಟೇಬಲ್ಲಿಗೆ ಸೇರಿ ಇಪ್ಪತ್ತು ವರ್ಷ ನಿಂತೇ ಶರ್ಟುಗಳ ಹೊಲಿಗೆ ನೋಡಿದಳು. ಮಂಡಿ ಹೋದದ್ದು ಅಲ್ಲಿ. ಮನೆಯ ಮೆಷಿನ್ ಆಗೀಗ ಕೆಟ್ಟರೆ ಎದ್ದು ಹೋಗಿ ಸರಿಮಾಡುವಳು. ಬಂದವರಿಗೆ ಮುನಿಯಣ್ಣ ಅದನ್ನು ಆಡಿ ತೋರಿಸಿ, "ಇಡೀ ಬೆಂಗ್ಳೂರಲ್ಲಿ ಇದನ್ನ ಬಿಚ್ಚಿ ಜೋಡಿಸೋನು ನಾನೊಬ್ನೇ" ಎನ್ನುವನು. ಅವಳು ಒಳಗಿನಿಂದ ಕಾಫಿ ತರುವಳು.

ಅದನ್ನೂ ಅವಳು ನುಂಗಿಕೊಂಡಿದ್ದಳು. ನುಂಗಲಾರದ್ದು ಮಗಳ ಮಾತು. ಒಬ್ಬಳೇ ಮಗಳು ಚೇತನಾ. ಲಿಫ್ಟ್ ಕಂಪನಿಯಲ್ಲಿ ಸರ್ವಿಸ್ ಇಂಜಿನಿಯರ್, ಗಂಡನ ಮನೆ ಕೆಂಗೇರಿ ಉಪನಗರ. ಹೆಣ್ಣುಮಗಳಾಗಿ ಲಿಫ್ಟಿನ ಬಾವಿಗಿಳಿದು ಕೆಲಸ ಮಾಡುತ್ತೀಯಲ್ಲ ಎಂದು ಬೀಗರು ಬೆರಗಾದಾಗಲೆಲ್ಲ ಅವಳು ಹೇಳುವುದು ಒಂದೇ: "ನಮ್ಮಪ್ಪನ ಕೈ ನಂಗೆ ಬಂದಿದೆ." ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಶಶಿಕಲಾಳಿಗೆ ಎದೆಯಲ್ಲಿ ಮುಳ್ಳು ಮುರಿದಂತಾಗುತ್ತಿತ್ತು. ತಾನು ಹೆತ್ತ ಮಗಳು ತನ್ನ ಬೆರಳನ್ನೇ ಗುರುತಿಸಲಿಲ್ಲವಲ್ಲ ಎಂಬ ನೋವು ಅದು.

ಈ ವರ್ಷ ಮೆಷಿನ್ನನ್ನು ಕಳಿಸಿಬಿಡುವುದೆಂದು ತೀರ್ಮಾನವಾಯಿತು. ಸಕ್ಕರೆ ಕಾಯಿಲೆಯಿಂದ ಮುನಿಯಣ್ಣನ ಪಾದ ಜೋಮು ಹಿಡಿದಿತ್ತು, ಮಹಡಿಯ ಮೆಟ್ಟಿಲು ಹತ್ತುವಂತಿರಲಿಲ್ಲ. ಮುಂದಿನ ಕೋಣೆಯಲ್ಲಿ ಮಂಚ ಹಾಕಬೇಕು. ಚೇತನಾ ಫೋಟೋ ತೆಗೆದು ನೆಟ್ಟಿನಲ್ಲಿ ಎಲ್ಲೋ ಹಾಕಿದಳು. ವಾರದಲ್ಲಿ ಸಮರ್ಥ ಎಂಬ ಮೂವತ್ತರ ಹುಡುಗ ಬಂದ. ಬಸವೇಶ್ವರನಗರದಲ್ಲಿ ಪಬ್ ತೆರೆಯುವವನಿದ್ದ. ಮುನಿಯಣ್ಣ ಎರಡು ಆಟ ಆಡಿ ತೋರಿಸಿದ. ಕಿಟಕಿಗಳೆಲ್ಲ ಹೊತ್ತಿಕೊಂಡು ಕೆಂಪು ಲಂಗ ಬೆಳಗಿದಾಗ ಹುಡುಗ ಕೂತಲ್ಲಿಂದ ಎದ್ದುಬಿಟ್ಟ.

"ಅಂಕಲ್, ಸೂಪರ್! ಇಷ್ಟು ವರ್ಷ ಇದನ್ನ ಓಡಿಸ್ಕೊಂಡು ಬಂದಿದೀರಲ್ಲ, ಯಾರು ಮೆಕ್ಯಾನಿಕ್ಕು?"

"ಎಲ್ಲಾ ಇದೇ ಕೈ" ಎಂದು ಮುನಿಯಣ್ಣ ಎರಡೂ ಕೈಗಳನ್ನು ಚಾಚಿ ತೋರಿಸಿದ.

"ಹಾಗಾದ್ರೆ ಪಕ್ಕದಲ್ಲಿ ಒಂದು ಹಿತ್ತಾಳೆ ಪ್ಲೇಟ್ ಹಾಕಿಸ್ತೀನಿ. ನಲವತ್ತು ವರ್ಷ ಇದನ್ನ ಉಳಿಸ್ಕೊಂಡು ಬಂದವರು ಅಂತ ನಿಮ್ಮ ಹೆಸರು. ಹಬ್ಬ ಮುಗಿದ ಮಾರನೇ ದಿನ ಟೆಂಪೋ ತರ್ತೀನಿ. ಒಂದು ಚಿಕ್ಕ ವಿಡಿಯೋನೂ ಮಾಡ್ಕೊಳ್ಳೋಣ."

ಶಶಿಕಲಾ ಕಾಫಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು. ಹುಡುಗ ಹೊರಟ ಮೇಲೆ ಬಂದು ಗಂಡನ ಎದುರು ಕುರ್ಚಿ ಎಳೆದುಕೊಂಡು ಕೂತಳು. ಮದುವೆಯಾಗಿ ನಲವತ್ತನಾಲ್ಕು ವರ್ಷಕ್ಕೆ ಮೊದಲ ಬಾರಿ ಕೇಳಿದಳು.

"ರೀ, ಪ್ಲೇಟ್ ಮೇಲೆ ನನ್ ಹೆಸರು ಹಾಕ್ಸಿ. ಅವ್ನು ಬಂದಾಗ ನೀವೇ ಹೇಳಿ, ಇದೆಲ್ಲಾ ಮಾಡಿದ್ದು ಇವ್ಳು ಅಂತ. ಒಂದೇ ಒಂದು ಸಲ."

"ಈಗ್ಯಾಕೆ ಶಶಿ ಹಳೇದೆಲ್ಲ? ನಿನ್ನದು ಬೇರೆ, ನನ್ನದು ಬೇರೆನಾ?"

"ಬೇರೆ ಅಲ್ಲ ಅಂದ್ಮೇಲೆ ನನ್ ಹೆಸರೇ ಹಾಕ್ಸಿ."

"ನೋಡೋಣ" ಎಂದ ಮುನಿಯಣ್ಣ. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಅವನು ಯಾವಾಗಲೂ ನಿಸ್ಸೀಮ. ಅವಳೇ ಹುಡುಗನಿಗೆ ಹೇಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಹೇಳಬಹುದಿತ್ತು. ಆದರೆ ಅವಳು ಹೇಳಿದರೆ ಅದು ಗಂಡಹೆಂಡಿರ ಜಗಳವೆನ್ನಿಸಿಕೊಳ್ಳುತ್ತದೆ. ಅವನು ಹೇಳಿದರೆ ಮಾತ್ರ ಅದು ನ್ಯಾಯ. ಅವಳಿಗೆ ಬೇಕಾದದ್ದು ಹಿತ್ತಾಳೆಯಲ್ಲ, ಅವನ ಬಾಯಿಯ ಆ ಒಂದು ಮಾತು.

ಆಯುಧಪೂಜೆಯ ದಿನ ಅವಳು ಚೇತನಾಳ ಮನೆಯಲ್ಲಿದ್ದಳು. ಮೊಮ್ಮಗುವಿಗೆ ಜ್ವರ, ಮಗಳಿಗೆ ಹಬ್ಬದ ಹೊತ್ತಿನಲ್ಲೂ ಡ್ಯೂಟಿ. ಸಂಜೆ ಬಸ್ಸಿನಲ್ಲಿ ನಿಂತೇ ಬಂದು, ಗಂಡನಿಗೆ ಮಾತ್ರೆ ಕೊಟ್ಟು, ಮೆಷಿನ್ನಿನ ಕಡೆ ಅರೆಗಣ್ಣಲ್ಲಿ ನೋಡಿದಳು. ಚೆಂಡುಹೂವಿನ ಹಾರ, ಗಾಜಿಗೆ ಮೂರು ಎಳೆ ವಿಭೂತಿ, ಕೆಂಪು ಲಂಗದವಳ ಹಣೆಗೂ ಒಂದು ಕುಂಕುಮದ ಬೊಟ್ಟು. ಪ್ರತಿ ವರ್ಷವೂ ಇಷ್ಟು ಇದ್ದದ್ದೇ. ಅವಳು ಬಿದ್ದಂತೆ ಮಲಗಿದಳು. ಮಾರನೆಯ ದಿನವೂ ಮಗಳ ಮನೆ, ಮತ್ತೆ ಸಂಜೆ ಅದೇ ಬಸ್ಸು.

ಅದರ ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಸಮರ್ಥ ಟೆಂಪೋ ತಂದ. ಮೊಬೈಲನ್ನು ಎತ್ತಿ ಹಿಡಿದು, "ಅಂಕಲ್, ಒಂದು ಆಟ ಆಡಿ, ಆಮೇಲೆ ಮಾತಾಡೋಣ" ಎಂದ. ಮುನಿಯಣ್ಣ ನಾಣ್ಯ ಹಾಕಿದ. ಮೆಷಿನ್ ಒಂದು ಸಲ ನರಳಿತು, ಒಳಗೆ ಏನೋ ಕಚ್ಚಿಕೊಂಡು ಗುಂಯ್ ಎಂದಿತು, ಅಷ್ಟೇ. ಚೆಂಡು ಬರಲಿಲ್ಲ, ಒಂದು ಕಿಟಕಿಯೂ ಹೊತ್ತಲಿಲ್ಲ. ಮುನಿಯಣ್ಣ ಪಕ್ಕಕ್ಕೆ ಗುದ್ದಿದ. ವೋಲ್ಟೇಜ್ ಕಮ್ಮಿ ಎಂದ. ಇನ್ನೊಂದು ನಾಣ್ಯ ಹಾಕಿದ.

ಬಾಗಿಲಲ್ಲಿ ನಿಂತಿದ್ದ ಶಶಿಕಲಾಳ ಮೂಗಿಗೆ ಎಣ್ಣೆಯ ವಾಸನೆ ಬಂತು. ಹತ್ತಿರ ಹೋಗಿ ಸ್ವಿಚ್ಚು ಆರಿಸಿ, ಗಾಜು ಸರಿಸಿ, ಆಟದ ಹಲಗೆಯನ್ನು ಮೇಲೆತ್ತಿ ಕೋಲು ಕೊಟ್ಟು ನಿಲ್ಲಿಸಿ ಒಳಗೆ ನೋಡಿದಳು. ನೋಡಿ ಅವಳಿಗೆ ಅಳು ಬರುವಂತಾಯಿತು.

ಕಾಮಾಕ್ಷಿಪಾಳ್ಯದಲ್ಲಿ ಲೇತ್ ಇಟ್ಟವರು, ಪ್ರೆಸ್ ಇಟ್ಟವರು, ಹೊಲಿಗೆ ಮೆಷಿನ್ ಇಟ್ಟವರು ಎಲ್ಲರೂ ಆಯುಧಪೂಜೆಗೆ ಮೊದಲು ಮೆಷಿನ್ನನ್ನು ಒರೆಸಿ, ಕೀಲುಕೀಲಿಗೆ ಎಣ್ಣೆ ಬಿಟ್ಟು, ಆಮೇಲೆ ವಿಭೂತಿ ಕುಂಕುಮ ಹಚ್ಚುತ್ತಾರೆ. ಎಣ್ಣೆ ಕಾಣದ ಮೆಷಿನ್ನಿಗೆ ಪೂಜೆ ಮಾಡಿದರೆ ಹಸಿದವನಿಗೆ ಹಾರ ಹಾಕಿದ ಹಾಗೆ ಎಂಬುದು ಈ ಬೀದಿಯ ನಂಬಿಕೆ. ಮುನಿಯಣ್ಣ ಹೆಂಡತಿ ಇಲ್ಲದ ಹೊತ್ತು ನೋಡಿ ಒಳಗಿನ ಒಂದೊಂದು ರಿಲೇಗೂ ಹೊಲಿಗೆ ಮೆಷಿನ್ನಿನ ಎಣ್ಣೆ ಬಿಟ್ಟಿದ್ದ. ಅಷ್ಟಕ್ಕೆ ಸುಮ್ಮನಾಗದೆ ಭಕ್ತಿಯಿಂದ ವಿಭೂತಿಯನ್ನೂ ಉದುರಿಸಿದ್ದ. ಎಣ್ಣೆಯೂ ಬೂದಿಯೂ ಸೇರಿ ಅಂಟಾಗಿ ಪಟ್ಟಿಗಳ ನಡುವೆ ಕೂತಿತ್ತು. ಎಣ್ಣೆ ಕುಡಿದ ರಿಲೇ ಕೆಲಸ ಮಾಡುವುದಿಲ್ಲ. ಇದನ್ನು ಅವಳು ಅವನಿಗೆ ಎಷ್ಟು ಸಲ ಹೇಳಿದ್ದಳೋ ಲೆಕ್ಕವಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

"ಎಣ್ಣೆ ಬಿಟ್ರಾ?" ಎಂದಳು ಮೆಲ್ಲಗೆ.

"ಇದು ಹೋಗೋ ಮುಂಚೆ ಒಂದ್ಸಲನಾದ್ರೂ ನನ್ ಕೈಯಾರೆ ಏನಾದ್ರೂ ಮಾಡೋಣ ಅಂತ..." ಎಂದ ಮುನಿಯಣ್ಣ, ಹುಡುಗನಿಗೆ ಕೇಳದ ಹಾಗೆ.

ಅವಳಿಗೆ ಸಿಟ್ಟು ಬಂತು. ಜೊತೆಗೇ ಅಯ್ಯೋ ಎನಿಸಿತು. ಹಾಗೆ ಎರಡೂ ಒಟ್ಟಿಗೆ ಬಂದರೆ ಮನುಷ್ಯರಿಗೆ ಏನು ಮಾಡುವುದಕ್ಕೂ ಕೈ ಏಳುವುದಿಲ್ಲ.

ಸಮರ್ಥ ಒಳ್ಳೆಯ ಹುಡುಗ. ಮುದುಕನ ಮುಖ ಬಾಡಿದ್ದು ನೋಡಿ ಸಮಾಧಾನ ಮಾಡಿದ. "ಟೆನ್ಷನ್ ಬೇಡಿ ಅಂಕಲ್. ಕೆಲ್ಸ ಮಾಡ್ಲಿಲ್ಲ ಅಂದ್ರೂ ತೊಂದ್ರೆ ಇಲ್ಲ. ಒಳಗಿರೋದೆಲ್ಲ ಕಿತ್ತು ತೆಗೆದು ಎಲ್‌ಇಡಿ ಹಾಕಿಸ್ಬಿಡ್ತೀನಿ. ಮೇಲೆ ದಪ್ಪ ಗಾಜು ಹಾಕಿದ್ರೆ ಟೇಬಲ್ ಆಗುತ್ತೆ, ಬಿಯರ್ ಇಟ್ಕೊಂಡು ಕೂರಬೋದು. ಹೊರಗಿನ ಬಾಡಿ, ಈ ಡ್ಯಾನ್ಸರ್ ಗಾಜು, ಇಷ್ಟು ಸಾಕು. ಪ್ಲೇಟ್ ಮೇಲೆ ಹೇಗೂ ನಿಮ್ ಹೆಸರು ಇರುತ್ತೆ."

ಶಶಿಕಲಾ ಗಂಡನ ಮುಖ ನೋಡಿದಳು. ಒಳಗಿನದೆಲ್ಲ ಹೋದರೆ ಅವಳು ಕೂತು ಬಾಗಿಸಿದ ಒಂದೊಂದು ಪಟ್ಟಿಯೂ ಗುಜರಿಗೆ ಹೋಗುತ್ತದೆ. ಹೆಸರು ಮಾತ್ರ ಅವನದು ಉಳಿಯುತ್ತದೆ, ಮತ್ತೆ ಯಾರೂ ಯಾವತ್ತೂ ಅವನ ಕೈಗೆ ಸ್ಕ್ರೂಡ್ರೈವರ್ ಕೊಟ್ಟು ಪರೀಕ್ಷೆ ಮಾಡುವುದಿಲ್ಲ. ಇದು ಅವನಿಗೂ ಹೊಳೆದದ್ದು ಅವಳಿಗೆ ಕಂಡಿತು.

"ಹಾಗೇ ಮಾಡಿ ಸಾರ್. ಹಳೇದು, ಎಷ್ಟು ದಿನ ಅಂತ ಬಾಳುತ್ತೆ" ಎಂದ ಮುನಿಯಣ್ಣ, ಅವಳ ಕಡೆ ನೋಡದೆ.

ಟೆಂಪೋದ ಇಬ್ಬರು ಆಳುಗಳು ಹಗ್ಗ ತಂದರು. ಅವಳು ಮೆಷಿನ್ನಿನ ಅಂಚನ್ನು ಹಿಡಿದುಕೊಂಡೇ ನಿಂತಿದ್ದಳು. ಜಗಳವಾದರೆ ಆಗಲಿ.

"ತಡೀರಪ್ಪಾ" ಎಂದಳು. "ಇದನ್ನ ಸಂಜೆ ತಗೊಂಡ್ಹೋಗಿ. ನಾನು ಸರಿ ಮಾಡ್ತೀನಿ."

ಸಮರ್ಥ ನಕ್ಕ. "ನೀವಾ ಆಂಟಿ?"

ಅವಳು ಒಳಗಿನಿಂದ ಹಳೆ ಬಿಸ್ಕತ್ತಿನ ಡಬ್ಬಿ ತಂದಳು, ಅದರಲ್ಲಿ ಕಾರ್ಖಾನೆಯ ಕಾಲದ ಇಕ್ಕಳ, ನಯವಾದ ಅರ. ಟೆಂಪೋದವನನ್ನು ಮೆಡಿಕಲ್ ಶಾಪಿಗೆ ಕಳಿಸಿ ಎರಡು ಬಾಟಲಿ ಸ್ಪಿರಿಟ್ ತರಿಸಿದಳು. ಕಪಾಟಿನಲ್ಲಿದ್ದ ಮದುವೆಯ ಆಮಂತ್ರಣ ಪತ್ರಗಳನ್ನು ಕತ್ತರಿಸಿ ಸಣ್ಣ ಸಣ್ಣ ಪಟ್ಟಿ ಮಾಡಿದಳು. ಪ್ಲಾಸ್ಟಿಕ್ ಸ್ಟೂಲ್ ಎಳೆದು ಕೂತಳು. ಸ್ಪಿರಿಟ್ಟಿನಲ್ಲಿ ಅದ್ದಿದ ಕಾಗದವನ್ನು ಒಂದು ಜೋಡಿಯ ನಡುವೆ ತೂರಿಸಿ, ಬೆರಳಿನಿಂದ ಮೆಲ್ಲಗೆ ಒತ್ತಿ ಹಿಡಿದು, ಕಾಗದ ಎಳೆಯುವುದು. ಕಪ್ಪಗೆ ಬಂತು. ಇನ್ನೊಂದು ಕಾಗದ. ಬೆಳ್ಳಗೆ ಬರುವವರೆಗೆ ಅದೇ. ಆಮೇಲೆ ಮುಂದಿನ ಜೋಡಿ.

ಹನ್ನೊಂದಾಯಿತು, ಹನ್ನೆರಡಾಯಿತು. ಸಮರ್ಥ ಹೊರಡಲಿಲ್ಲ. ಮೊದಲು ತಮಾಷೆಗೆ ನಿಂತವನು ಆಮೇಲೆ ಮೊಬೈಲ್ ಜೇಬಿಗಿಟ್ಟು ಟಾರ್ಚ್ ಹಿಡಿದು ಕೂತ. ಊಟದ ಹೊತ್ತು ಮೀರಿದರೂ ಅವಳು ಏಳಲಿಲ್ಲ. ಎದ್ದರೆ ಮತ್ತೆ ಕೂರಲು ಮಂಡಿ ಬಿಡುವುದಿಲ್ಲವೆಂದು ಗೊತ್ತಿತ್ತು. ಬೆನ್ನು ಸೆಟೆದುಕೊಂಡಿತು. ಬೆರಳು ಮಾತ್ರ ಹೇಳಿದಂತೆ ಕೇಳಿತು, ಹತ್ತೊಂಬತ್ತರಲ್ಲಿ ಕೇಳಿದ ಹಾಗೆಯೇ.

ಐದು ಗಂಟೆಗೆ ಹಲಗೆ ಇಳಿಸಿ, "ಹಾಕಪ್ಪಾ" ಎಂದಳು. ಸಮರ್ಥ ನಾಣ್ಯ ಹಾಕಿದ. ಅಂಕಿಗಳು ಟಕಟಕ ತಿರುಗಿ ಸೊನ್ನೆಗೆ ನಿಂತವು. ಚೆಂಡು ಬಂತು. ಹುಡುಗ ಹಿಡಿ ಎಳೆದು ಬಿಟ್ಟ. ಗಂಟೆ ಹೊಡೆಯಿತು, ಒಂದು ಕಿಟಕಿ ಹೊತ್ತಿತು, ಇನ್ನೊಂದು ಹೊತ್ತಿತು. ಹುಡುಗ ಆಡುವುದು ಬಿಟ್ಟು ತಿರುಗಿ ಅವಳನ್ನೇ ನೋಡಿದ. ಚೆಂಡು ತೂತಿಗೆ ಬಿತ್ತು.

"ಆಂಟಿ, ಇದನ್ನ ಎಲ್ಲಿ ಕಲಿತ್ರಿ?"

ಅವಳು ಬಾಯಿ ತೆರೆಯುವ ಮೊದಲೇ ಮುನಿಯಣ್ಣ ಕುರ್ಚಿಯಿಂದ ಹೇಳಿದ: "ನಾನೇ ಸಾರ್ ಕಲಿಸಿದ್ದು. ನೋಡಿ ನೋಡಿ ಕಲ್ತ್ಕೊಂಡ್ಳು."

ಶಶಿಕಲಾ ಕೈ ಒರೆಸಿಕೊಳ್ಳುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟಳು. ಕೂಗಲಿಲ್ಲ. ಕೂಗುವಷ್ಟು ಶಕ್ತಿ ಅವಳಲ್ಲಿ ಉಳಿದಿರಲಿಲ್ಲ.

"ಸುಳ್ಳು ಹೇಳ್ಬೇಡಿ ರೀ. ಇವತ್ತಾದ್ರೂ."

ಪಕ್ಕದ ಮನೆಯ ಹೊಲಿಗೆ ಮೆಷಿನ್ನುಗಳ ಸದ್ದು ಗೋಡೆಯಾಚೆಯಿಂದ ಬರುತ್ತಿತ್ತು. ಮುನಿಯಣ್ಣ ಹುಡುಗನನ್ನು ನೋಡಿದ, ಆಳುಗಳನ್ನು ನೋಡಿದ, ತನ್ನ ಊದಿದ ಪಾದಗಳನ್ನು ನೋಡಿದ.

"ನಂಗೇನೂ ಬರಲ್ಲ ಸಾರ್" ಎಂದ ಕಡೆಗೆ. "ಯಾವತ್ತೂ ಬರ್ತಿರ್ಲಿಲ್ಲ. ಒಂದು ಸ್ಕ್ರೂ ತಿರುಗಿಸೋಕೂ ಬರಲ್ಲ. ಅಂಗಡಿ ಇದ್ದಾಗ್ಲಿಂದ ಎಲ್ಲಾ ಇವ್ಳೇ. ನಾನು ಹೆಸರು ಇಟ್ಕೊಂಡು ಓಡಾಡ್ದೆ. ಅವಳ ಹೆಸರು ಹಾಕ್ಸಿ."

ಇಷ್ಟು ವರ್ಷ ಕಾದ ಮಾತು. ಬಂದಾಗ ಎದೆ ತುಂಬಿ ಬರುತ್ತದೆ ಎಂದುಕೊಂಡಿದ್ದಳು. ಎದುರಿಗಿದ್ದದ್ದು ತಲೆ ತಗ್ಗಿಸಿ ಕೂತ ಎಪ್ಪತ್ತೊಂದರ ಮುದುಕ. ಬೇಡವಾಗಿತ್ತೇನೋ ಎಂದು ಒಂದು ಗಳಿಗೆ ಅನ್ನಿಸಿತು. ಆದರೂ ಆ ಮಾತನ್ನು ಅವಳು ವಾಪಸು ಕೊಡಲಿಲ್ಲ. ಸಮರ್ಥ ಹೆಸರು ಕೇಳಿದಾಗ ತಂದೆಯ ಇನಿಷಿಯಲ್ ಸಮೇತ ಬರೆದುಕೊಟ್ಟಳು.

ಮೆಷಿನ್ ಹೋಯಿತು. ಖಾಲಿ ಕೋಣೆಯಲ್ಲಿ ಗಂಡ ಹೆಂಡತಿ ಇಬ್ಬರೇ ಕೂತರು.

"ಸಮಾಧಾನ ಆಯ್ತಾ?" ಎಂದ ಮುನಿಯಣ್ಣ. ಆ ಮಾತಿನಲ್ಲಿ ಕುಹಕವಿರಲಿಲ್ಲ, ನಿಜಕ್ಕೂ ಕೇಳುತ್ತಿದ್ದ.

"ಬೀದೀಲಿ ಹೋಗೋರಿಗೆ ಹೇಳೋದು ಸುಲಭ. ಚೇತನಾಗೆ ಹೇಳಿ."

ಅವನು ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡ. ಆಮೇಲೆ ಫೋನ್ ಹಚ್ಚಿ, ಸ್ಪೀಕರಿಗೆ ಹಾಕಿ, ಇಬ್ಬರ ನಡುವೆ ಇಟ್ಟ. ಚೇತನಾ ಎತ್ತಿಕೊಂಡಳು. ಯಾವುದೋ ಕಟ್ಟಡದ ಕೆಳಗಿದ್ದಳು, ಮಾತು ಗುಂಯ್‌ಗುಟ್ಟುತ್ತಿತ್ತು.

"ಚೇತೂ, ಒಂದು ವಿಷ್ಯ ಹೇಳ್ಬೇಕಮ್ಮಾ" ಎಂದು ಶುರುಮಾಡಿದ. ಎರಡು ಸಲ ತಡವರಿಸಿದ. ಮೂರನೆಯ ಸಲಕ್ಕೆ ಎಲ್ಲವನ್ನೂ ಹೇಳಿದ, ದುಪ್ಪಟಿಯಿಂದ ಹಿಡಿದು ಮೊನ್ನೆಯ ಎಣ್ಣೆಯವರೆಗೆ. "ನಿಂಗೆ ಬಂದಿರೋದು ನಿಮ್ಮಮ್ಮನ ಕೈ ಕಣಮ್ಮಾ, ನನ್ನದಲ್ಲ" ಎಂದು ಮುಗಿಸಿದ.

"ಗೊತ್ತಪ್ಪಾ" ಎಂದಳು ಚೇತನಾ. "ಯಾವಾಗ್ಲಿಂದ್ಲೋ ಗೊತ್ತು. ಅಮ್ಮ ಅಲ್ಲಿದಾಳಾ? ಅಮ್ಮಾ, ನಿಂಗೆ ನೆನಪಿಲ್ವಾ? ನಾನು ಎರಡನೇ ಕ್ಲಾಸು. ನೀನು ಅಡುಗೆಮನೇಲಿ ಕೂತು ರಿಪೇರಿ ಮಾಡ್ತಿದ್ದೆ, ನಾನು ಪಕ್ಕದಲ್ಲಿ ಕೂತು ನೋಡ್ತಿದ್ದೆ. ಸ್ಕೂಲಲ್ಲಿ ಎಲ್ರಿಗೂ ಹೇಳ್ತೀನಿ ಅಂದೆ. ನೀನು ನನ್ನನ್ನ ದೇವರ ಮುಂದೆ ನಿಲ್ಸಿ, ನಿನ್ ತಲೆ ಮೇಲೆ ನನ್ ಕೈ ಇಡ್ಸಿ ಆಣೆ ಮಾಡ್ಸಿದೆ. ಯಾರ್ ಕೇಳಿದ್ರೂ ಅಪ್ಪನೇ ಮಾಡಿದ್ದು ಅನ್ಬೇಕು, ಇಲ್ದಿದ್ರೆ ಅಪ್ಪನ ಮರ್ಯಾದೆ ಹೋಗುತ್ತೆ, ಆಣೆ ಮುರಿದ್ರೆ ಅಮ್ಮ ಸತ್ತೋಗ್ತಾಳೆ ಅಂದೆ. ನಾನು ಇವತ್ತಿನವರ್ಗೂ ಯಾರಿಗೂ ಹೇಳಿಲ್ಲಮ್ಮಾ."

ಶಶಿಕಲಾಳಿಗೆ ನೆನಪಿರಲಿಲ್ಲ. ಎಷ್ಟು ಹುಡುಕಿದರೂ ಆ ದಿನ ಅವಳ ತಲೆಯಲ್ಲಿ ಸಿಗಲಿಲ್ಲ. ಆದರೆ ಅದು ತನ್ನದೇ ಮಾತು ಎಂದು ಅವಳಿಗೆ ತಿಳಿಯಿತು. ಬೇರೆ ಯಾರೂ ಹಾಗೆ ಹೇಳುತ್ತಿರಲಿಲ್ಲ. ಏಳು ವರ್ಷದ ಮಗು ತಾಯಿ ಸಾಯಬಾರದೆಂದು ಮೂವತ್ತಮೂರು ವರ್ಷ ಸುಳ್ಳು ಹೇಳಿಕೊಂಡು ಬಂದಿತ್ತು, ಬೀಗರ ಮುಂದೆಯೂ, ತಾಯಿಯ ಮುಂದೆಯೂ. ಆ ಸುಳ್ಳನ್ನು ಕೇಳಿದಾಗಲೆಲ್ಲ ಶಶಿಕಲಾ ಮಗಳ ಮೇಲೆ ಒಳಗೊಳಗೇ ಮುನಿಸಿಕೊಂಡಿದ್ದಳು.

"ಅಮ್ಮಾ? ಇದೀಯಾ?"

ಮುನಿಯಣ್ಣ ಫೋನನ್ನು ಅವಳ ಹತ್ತಿರಕ್ಕೆ ಸರಿಸಿದ. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಅದರಲ್ಲಿ ಇನ್ನೂ ಸ್ಪಿರಿಟ್ಟಿನ ವಾಸನೆಯಿತ್ತು.

"ಇದೀನಿ ಕಣೇ" ಎಂದಳು. "ಆ ಆಣೆ ಬಿಡಿಸ್ದೆ. ಇನ್ಮೇಲೆ ಹೇಳು. ಯಾರ್ ಕೇಳಿದ್ರೂ ಹೇಳು."